ಅರ್ಧ ನಿನಗೆ, ಅರ್ಧ ಸಂಜೆಗೆ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಹಿತ್ತಿಲ ಕೋಣೆಯ ದೀಪ ಮಾತ್ರ ಉರಿಯುತ್ತಿದೆ. ಬೆಣ್ಣೆ ಸಕ್ಕರೆಯ ಬೆಚ್ಚನೆಯ ಪರಿಮಳ ಗಲ್ಲಿಯ ತಿರುವಿನವರೆಗೂ ಹಬ್ಬಿದೆ. ಉದ್ದನೆಯ ಮೇಜಿನ ಮೇಲೆ ಹಳದಿ ಬಸ್ಸುಗಳು ಸಾಲಾಗಿ ಮಲಗಿವೆ. ಒಂದೊಂದೂ ಅಂಗೈಯಗಲದ ಬಿಸ್ಕತ್ತು. ಮೇಲೆ ಸಕ್ಕರೆಯ ಐಸಿಂಗ್, ಬಿಳಿ ಕಿಟಕಿ, ಕಪ್ಪು ಚಕ್ರ. ಪ್ರತಿ ಬಸ್ಸೂ ನಡುವೆ ಅಂಕುಡೊಂಕಾಗಿ ಎರಡು ಹೋಳು. ಬಡಾವಣೆಯವರೆಲ್ಲ ‘ಬಿಸ್ಕತ್ತಕ್ಕ’ ಎಂದು ಕರೆಯುವ ಹೆಂಗಸು ಎರಡು ಹೋಳನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಜೋಡಿಯನ್ನು ಒಂದೇ ದಾರದಲ್ಲಿ ಕಟ್ಟುತ್ತಿದ್ದಾರೆ. ಇವತ್ತು ಶಾಲೆ ಶುರು.

ಶಾಲೆಯ ಗೇಟಿನಲ್ಲಿ ಟೀಚರ್ ಆ ದಾರ ಕತ್ತರಿಸುತ್ತಾರೆ. ಒಂದು ಹೋಳು ಹೊಸದಾಗಿ ಸೇರುವ ಮಗುವಿನ ಜೇಬಿಗೆ, ಇನ್ನೊಂದು ಬಿಡಲು ಬಂದವರ ಕೈಗೆ. ಸಂಜೆ ಅದೇ ಗೇಟಿನಲ್ಲಿ ಎರಡನ್ನೂ ಸೇರಿಸಿ ನೋಡಬೇಕು. ಕೂಡಿದರೆ ಮಾತ್ರ ತಿನ್ನುವುದು.

ಇದು ಶುರುವಾದದ್ದು ಎಷ್ಟೋ ವರ್ಷಗಳ ಹಿಂದೆ. ಬಿಸ್ಕತ್ತಕ್ಕ ಆಗ ಕಾರ್ಖಾನೆಯೊಂದರಲ್ಲಿ ಬಿಸ್ಕತ್ತು ಪ್ಯಾಕ್ ಮಾಡುತ್ತಿದ್ದರು. ಶಾಲೆಯ ಮೊದಲ ದಿನ ಮಗಳು ಗೇಟಿನ ಕಂಬಿ ಹಿಡಿದು ಬಿಡಲೊಲ್ಲಳು. ಅತ್ತ ಶಿಫ್ಟಿಗೆ ಹೊತ್ತಾಗುತ್ತಿದೆ. “ಕೈಯಲ್ಲಿದ್ದ ಬಿಸ್ಕತ್ತನ್ನ ಎರಡು ಮಾಡಿ ಒಂದು ಕೊಟ್ಟೆ. ‘ಇನ್ನರ್ಧ ನನ್ನ ಹತ್ರ ಇದೆ, ಇದನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ’ ಅಂದೆ. ಸಂಜೆ ನೋಡಿದ್ರೆ ಅವಳ ಜೇಬಲ್ಲಿ ಬರೀ ಪುಡಿ! ಆದ್ರೂ ನನ್ನ ತುಂಡು ಕಿತ್ಕೊಂಡು, ಆ ಪುಡೀನ ಪಕ್ಕದಲ್ಲಿಟ್ಟು ಸರಿಯಾಗಿದೆಯಾ ಅಂತ ನೋಡಿದ್ಲು.”

ಮಗಳು ಬೆಳೆದಳು. ಕಾರ್ಖಾನೆ ಮುಚ್ಚಿತು. ಎಡಮೂಲೆಯಲ್ಲಿ ಸದಾ ಸೀಯಿಸುವ ಹಳೆಯ ಓವನ್ ಒಂದು ಮನೆಗೆ ಬಂತು. ವರ್ಷವಿಡೀ ಚಹಾದಂಗಡಿಗಳಿಗೆ ಬನ್ನು, ರಸ್ಕು. ಅದು ಹೊಟ್ಟೆಪಾಡು. ಶಾಲೆ ತೆರೆಯುವ ವಾರ ಬಂತೆಂದರೆ ಅವರ ನಡಿಗೆಯೇ ಬೇರೆ. ಅರವತ್ತು ಚಿಲ್ಲರೆ ಮಕ್ಕಳಿಗೆ ಅಷ್ಟೇ ಜೋಡಿ. ಓವನ್ನಿನಿಂದ ತೆಗೆದ ಬಿಸ್ಕತ್ತನ್ನು ಬಿಸಿಯಿರುವಾಗಲೇ ಚಾಕುವಿನಲ್ಲಿ ಕೊಯ್ಯಬೇಕು. ಆರಿದರೆ ಸಿಡಿದು ಚೂರಾಗುತ್ತದೆ. ಅಚ್ಚು ಮಾಡಿಸಿಕೊಂಡರೆ ಕೆಲಸ ಹಗುರವಲ್ಲವೇ ಎಂದವರಿಗೆ ಉತ್ತರ ಸಿದ್ಧವಿದೆ: “ಅಚ್ಚಲ್ಲಿ ಕೊಯ್ದ್ರೆ ಯಾರ ತುಂಡು ಯಾರಿಗೂ ಕೂಡುತ್ತೆ. ಆಮೇಲೆ ಮಗು ಯಾಕೆ ನಂಬಬೇಕು?”

ಬಾಗಿಲ ಪಕ್ಕದ ಕುರ್ಚಿ ಅತ್ತೆಯದು. ಕಣ್ಣಿಗೆ ಪೊರೆ ಬಂದಿದೆ; ನಾಲಿಗೆಗೆ ಏನೂ ಬಂದಿಲ್ಲ. ಸೊಸೆಯ ಕೆಲಸವನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಚೆನ್ನಾಗಿದೆ ಅಂದವರಲ್ಲ. ಚೆನ್ನಾಗಿದ್ದಾಗ ಸುಮ್ಮನಿರುತ್ತಾರೆ. ಆ ಮೌನದಲ್ಲೇ ಸೊಸೆ ಅರ್ಥ ಮಾಡಿಕೊಳ್ಳಬೇಕು.

ಇವತ್ತು ಮೌನಕ್ಕೆ ಅವಕಾಶವಿಲ್ಲ. ಹೊತ್ತಾಯಿತೆಂದು ಬಿಸ್ಕತ್ತಕ್ಕ ಎರಡು ತಟ್ಟೆ ಒಂದರ ಮೇಲೊಂದು ಇಟ್ಟು ಎತ್ತಿದ್ದೇ ತಡ, ಮೇಲಿನದು ಜಾರಿ ಮೇಜಿನ ಬಟ್ಟೆಯ ಮೇಲೆ ಕವುಚುತ್ತದೆ. ಇನ್ನೂ ಕಟ್ಟದ ಹೋಳುಗಳೆಲ್ಲ ಕಲಸುಮೇಲೋಗರ.

“ಎರಡು ತಟ್ಟೆ ಒಟ್ಟಿಗೆ ಹೊರೋಕೆ ನಿನಗೇನು ನಾಲ್ಕು ಕೈಯಾ?” ಕುರ್ಚಿಯಿಂದ ದನಿ.

“ಇರೋ ಎರಡೂ ಸಾಲ್ತಿಲ್ಲ ಅತ್ತೆ, ಸುಮ್ನಿರಿ.”

ಎಲ್ಲ ಬಸ್ಸೂ ಒಂದೇ ಹಳದಿ, ಒಂದೇ ಕಿಟಕಿ. ಒಂದಕ್ಕೊಂದು ಹಿಡಿದು ನೋಡಿದಷ್ಟೂ ಕಣ್ಣು ಮಂಜಾಗುತ್ತದೆ. ಒಂದು ಜೋಡಿ ತಪ್ಪಿದರೂ ಸಂಜೆ ಯಾವುದೋ ಮಗು ಗೇಟಿನಲ್ಲಿ ನಿಂತು, ತನ್ನವರು ತಂದದ್ದು ತನ್ನದಲ್ಲ ಎಂದು ನೋಡುತ್ತದೆ.

ಅತ್ತೆ ಗೋಡೆ ಹಿಡಿದು ಎದ್ದು ಬರುತ್ತಾರೆ. “ಸರಿ ಆ ಕಡೆ. ಕಣ್ಣಿಗೆ ಎಲ್ಲ ಒಂದೇ. ಬೆರಳಿಗೆ ಹಾಗಲ್ಲ.” ಹೋಳಿನ ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ, ಇನ್ನೊಂದನ್ನು ಸವರುತ್ತಾರೆ, ಬದಿಗಿಡುತ್ತಾರೆ. “ಇದಕ್ಕೆ ಇಲ್ಲೊಂದು ಗೂನು... ಹಾಂ, ಇದರಲ್ಲಿ ಕುಳಿ ಇದೆ. ತಗೋ.” ಜೋಡಿ ಟಕ್ಕನೆ ಕೂಡುತ್ತದೆ. ಮತ್ತೊಂದು. ದಾರ ಸುತ್ತುವ ಸದ್ದಷ್ಟೇ.

ಕೊನೆಗೆ ಬಸ್ಸೊಂದರ ಹಿಂಭಾಗ ಒಂಟಿಯಾಗಿ ಉಳಿಯುತ್ತದೆ. ಅದರ ಮುಂಭಾಗ ಬಟ್ಟೆಯ ಮಡಿಕೆಯಲ್ಲಿ ಪುಡಿಪುಡಿ. ಕಲಸಿದ ಹಿಟ್ಟು ಉಳಿದಿರುವುದು ಅರ್ಧ ಬಿಸ್ಕತ್ತಿಗಾಗುವಷ್ಟೇ. ಬೆಣ್ಣೆ ಮುಗಿದಿದೆ, ಅಂಗಡಿ ತೆರೆದಿಲ್ಲ. ಬಿಸ್ಕತ್ತಕ್ಕ ಒಂಟಿ ಹೋಳನ್ನು ಕಾಗದದ ಮೇಲಿಟ್ಟು ಅಂಚಿನುದ್ದಕ್ಕೂ ಪೆನ್ಸಿಲ್ ಎಳೆಯುತ್ತಾರೆ. ಇಡೀ ಓವನ್ನಿನಲ್ಲಿ ಒಂದೇ ಒಂದು ತುಂಡು ಬೇಯುತ್ತದೆ. ಹೊರಬಂದ ಕೂಡಲೇ ಕಾಗದ ಒತ್ತಿ, ಉಸಿರು ಬಿಗಿಹಿಡಿದು ಕೊಯ್ಯುತ್ತಾರೆ. ಫ್ಯಾನಿನ ಕೆಳಗೆ ತಣಿಸಿ ಬಣ್ಣ ಹಚ್ಚುತ್ತಾರೆ.

“ಎರಡೂ ಒಂದೇ ಬಣ್ಣ ಇದೆಯೇನೇ?”

“ಇದು ತೆಳು. ಹಸಿ ಇದ್ದಾಗ ಹಾಗೇ ಕಾಣೋದು. ಒಣಗ್ತಾ ಒಣಗ್ತಾ ಗಾಢವಾಗುತ್ತೆ. ಸಂಜೆಗೆ ಸರಿಹೋಗುತ್ತೆ ಅತ್ತೆ.”

ಮೇಲ್ಮೈ ಗಟ್ಟಿಯಾದ ಮೇಲೆ ಗುರುತಿಗೆಂದು ಆ ಜೋಡಿಗೆ ನೀಲಿ ಕಾಗದ. ಹೊಸ ಹೋಳು ದೊಡ್ಡವರ ಪಾಲಿಗೆ ಹೋಗಲಿ ಎಂದು ಟೀಚರಿಗೆ ಹೇಳಿ ಕೊಡುತ್ತಾರೆ. ಮಕ್ಕಳ ಜೇಬು ಹಸಿ ಬಣ್ಣಕ್ಕೆ ಆಗಿಬರುವುದಿಲ್ಲ.

ಪ್ರತಿವರ್ಷ ಈ ದಿನದ ಸಂಜೆ ಬಿಸ್ಕತ್ತಕ್ಕ ಸತ್ತಂತೆ ನಿದ್ದೆ ಮಾಡುತ್ತಾರೆ. ಜೋಡಿಗಳು ಕೂಡುವುದನ್ನು ಒಮ್ಮೆಯೂ ನೋಡಿದವರಲ್ಲ. ಈ ಸಲ ನಿದ್ದೆ ಹತ್ತಿಲ್ಲ. ಗೇಟಿನ ಎದುರಿನ ಮರದ ಮರೆಯಲ್ಲಿ ನಿಂತಿದ್ದಾರೆ, ಕದ್ದು ನೋಡುವವರ ಹಾಗೆ. ನೀಲಿ ಕಾಗದ ಹಿಡಿದವನು ಎಣ್ಣೆ ಕಲೆಯ ಅಂಗಿಯ ಒಬ್ಬ ಮೆಕ್ಯಾನಿಕ್. ಮೊಣಕಾಲೂರಿ ಮಗನೆದುರು ಕೂತು ಕಾಗದ ಬಿಚ್ಚುತ್ತಾನೆ. ಬಣ್ಣ ಒಣಗಿ ಹಳದಿಗೆ ಹಳದಿ ಹೊಂದಿಕೊಂಡಿದೆ. ಹುಡುಗ ಮೂಗು ತಾಗುವಷ್ಟು ಬಗ್ಗಿ ನೋಡುತ್ತಾನೆ.

“ಅಪ್ಪಾ, ಇಲ್ಲಿ ನಿಂದು ಸ್ವಲ್ಪ ಕೂಡ್ತಾ ಇಲ್ಲ.”

ಮರದ ಮರೆಯಿಂದ ಬಿಸ್ಕತ್ತಕ್ಕ ಕತ್ತು ಚಾಚುತ್ತಾರೆ. ಅಪ್ಪ ಸಂದನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ. “ಬೆಳಗ್ಗೆಯಿಂದ ನಿನ್ನ ಕಾದು ಕಾದು ಸೊರಗಿಬಿಟ್ಟಿದೆ ಕಣೋ.”

ಹುಡುಗ ನ್ಯಾಯಾಧೀಶನಂತೆ ಯೋಚಿಸುತ್ತಾನೆ. ಆಮೇಲೆ ತನ್ನ ಹೋಳನ್ನು ಅಪ್ಪನ ಕೈಗಿಟ್ಟು, ಅಪ್ಪನದನ್ನು ತಾನು ತೆಗೆದುಕೊಳ್ಳುತ್ತಾನೆ. “ಹಾಗಾದ್ರೆ ಇದನ್ನ ನಾನು ತಿಂತೀನಿ. ಪಾಪ.”

ಮನೆಗೆ ಬಂದರೆ ಅತ್ತೆ ಹೊಸ್ತಿಲಲ್ಲೇ ಕೂತಿದ್ದಾರೆ. “ಕೂಡ್ತಾ?”

“ಕೂಡ್ತು. ಒಂದು ದಾರದಷ್ಟು ಸಂದು ಇತ್ತು.”

“ದಾರದಷ್ಟು ತಾನೇ? ಅಷ್ಟು ಸಂದು ನನಗೂ ನಿನಗೂ ಇದೆ. ಇಷ್ಟು ವರ್ಷ ಒಂದೇ ಮನೇಲಿ ಬಾಳ್ಲಿಲ್ವಾ?”

ಬಿಸ್ಕತ್ತಕ್ಕ ನಗುತ್ತಾ ಅಲ್ಲೇ ಪಕ್ಕದಲ್ಲಿ ಕೂರುತ್ತಾರೆ, ಸೆರಗಿಗಂಟಿದ ಹಿಟ್ಟು ಕೊಡವುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಯಾರಾದರೂ ಕೇಳಿದರೆ ತಲೆಯಾಡಿಸಿ ಅತ್ತೆಯ ಕಡೆ ಕಣ್ಣು ಹಾಯಿಸುತ್ತಾರೆ.

“ಬೇರೇನೂ ಬೇಡ. ಬರೋ ವರ್ಷಕ್ಕೂ ಆ ಬೆರಳು, ಆ ಬಾಯಿ ಎರಡೂ ಹೀಗೇ ಚುರುಕಾಗಿರ್ಲಿ.”