ಸೂಚಕರು: ದೊಡ್ಡಮ್ಮ

ನಮ್ಮೂರ ಸರ್ಕಾರಿ ಆಸ್ಪತ್ರೆಯ ಸಮಿತಿಯಲ್ಲಿ ಅನುಮೋದಿಸುವವರಿಗೆ ಎಂದೂ ಬರ ಬಂದಿಲ್ಲ. ಬರವಿದ್ದದ್ದು ಸೂಚಿಸುವವರಿಗೆ. ಠರಾವು ಪುಸ್ತಕದಲ್ಲಿ ಸೂಚಕರ ಹೆಸರು ಮೊದಲು ಬರುತ್ತದೆ. ನಾಳೆ ಆಡಿಟ್‌ನವರು ಬಂದರೆ ಮೊದಲು ಕರೆಯುವುದೂ ಅವರನ್ನೇ. ಹಾಗಾಗಿ ಸೂಚಕರು ಯಾರು ಎಂದು ನಾನು ಕೇಳಿದೊಡನೆ ದೊಡ್ಡ ಮನುಷ್ಯರೆಲ್ಲ ಕಿಟಕಿಯಾಚೆ ನೋಡುತ್ತಿದ್ದರು, ಆಮೇಲೆ ಸದಸ್ಯೆ ದೊಡ್ಡಮ್ಮನ ಕಡೆ. ಆ ಪುಸ್ತಕ ಬರೆಯುವ ಗುಮಾಸ್ತ ನಾನು. ಮೂರು ವರ್ಷ ಅವಳ ಹೆಸರನ್ನೇ ಬರೆದಿದ್ದೇನೆ.

ದೊಡ್ಡಮ್ಮ ಹಳೇಕೋಟೆ ಕಡೆಯವಳು. ಕೂಲಿ ಮಾಡಿ ಮಗ ಅಶೋಕನನ್ನು ಓದಿಸಿದಳು, ತಾನು ಮಾತ್ರ ಹೆಬ್ಬೆಟ್ಟು. ಸಮಿತಿಯಲ್ಲಿ ಅವಳ ಕೇರಿಯ ಹೆಂಗಸೊಬ್ಬಳು ಇರಬೇಕೆಂಬ ನಿಯಮವಿದ್ದುದರಿಂದ ಅಧ್ಯಕ್ಷ ದೇವರಾಜು ಅವಳನ್ನು ಹಾಕಿಕೊಂಡರು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಅವರಿಗೆ ಮಾತಾಡದ ಸದಸ್ಯರೆಂದರೆ ಬಲು ಅಚ್ಚುಮೆಚ್ಚು.

ಹೋದ ವರ್ಷ ಹೊಸ ಆದೇಶ ಬಂತು. ಇನ್ನು ಆಸ್ಪತ್ರೆಯ ದುಡ್ಡನ್ನು ಯಾವುದಕ್ಕೆ ಬಳಸಬೇಕೆಂದು ಸಮಿತಿಯೇ ತೀರ್ಮಾನಿಸಬಹುದು, ಯಾರನ್ನೂ ಕೇಳಬೇಕಿಲ್ಲ. ಡಾಕ್ಟರ್ ಮೇಘಶ್ರೀ ಖುಷಿಯಿಂದ ಓದಿ ಹೇಳಿದರು. ಸಭೆ ಸಾವಿನ ಮನೆಯಂತಾಯಿತು.

"ಮ್ಯಾಲಿನೋರೇ ಇಲ್ಲ ಅಂದ್ರೆ, ಯಡವಟ್ಟಾದ್ರೆ ಯಾರ ಮ್ಯಾಲೆ ಆಕಾನ?" ಎಂದು ಸದಸ್ಯ ಪಾಲಾಕ್ಷ ಕೇಳಿದ.

ಡಾಕ್ಟರಿಗೆ ಬೇಕಿದ್ದುದು ಒಂದೇ: ಹೆರಿಗೆ ಕೋಣೆಗೆ ಬ್ಯಾಟರಿ. ಕರೆಂಟು ಹೋದರೆ ಬಸುರಿಯರನ್ನು ನೋವಿನಲ್ಲೇ ಹಾಸನಕ್ಕೆ ಸಾಗಿಸುತ್ತಿದ್ದೆವು. ದೊಡ್ಡಮ್ಮನ ಸೊಸೆ ತೇಜಶ್ರೀಗೂ ದಿನ ತುಂಬುತ್ತಿತ್ತು. ದೇವರಾಜು ಉಪಾಯ ಹುಡುಕಿದರು: ನಾವೇ ತೀರ್ಮಾನ ಮಾಡಬಹುದೇ ಎಂದು ಮೇಲಿನವರಿಗೆ ಒಂದು ಕಾಗದ ಬರೆದು ಕೇಳೋಣ. ಎಲ್ಲರಿಗೂ ಹೋದ ಜೀವ ಬಂತು. ಅನುಮೋದಿಸಲು ಏಳು ಕೈ ಎದ್ದವು. ಸೂಚಕರು ಯಾರೆಂದು ನಾನು ಕೇಳಿದೆ. ಎಲ್ಲರೂ ದೊಡ್ಡಮ್ಮನನ್ನು ನೋಡಿದರು.

"ಆ ಕಾಗ್ದಕ್ಕೆ ನಾನಾಗಕಿಲ್ಲ. ಬ್ಯಾಟ್ರಿಗಾಯ್ತೀನಿ, ಬರ್ಕಳಿ ಸಾ," ಎಂದಳು.

ಬೇರೆ ಸೂಚಕರು ಹುಟ್ಟಲಿಲ್ಲ, ಕಾಗದ ಅಲ್ಲೇ ಸತ್ತಿತು. ಬ್ಯಾಟರಿಗಾದರೆ ಸೂಚಕಿ ಇದ್ದಳು. ಅನುಮೋದಿಸುವುದು ಉಳಿದವರಿಗೆ ಹೇಗೂ ರೂಢಿಯಾಗಿತ್ತು. ಎತ್ತಿದ ಕೈ ಇಳಿಸಲು ಯಾರಿಗೂ ಧೈರ್ಯ ಸಾಲಲಿಲ್ಲ. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬ್ಯಾಟರಿ ಬಂದ ಮರುವಾರವೇ ಗಾಳಿಗೆ ಕರೆಂಟು ಹೋಯಿತು. ಒಳಗೆ ತೇಜಶ್ರೀ ಇದ್ದಳು. ದೀಪ ಆರಲಿಲ್ಲ. ಹೆಣ್ಣು ಮಗು, ತಾಯಿಯೂ ಕ್ಷೇಮ. ಪತ್ರಿಕೆಯವರು ಬಂದು ಫೋಟೊ ಹಿಡಿದು, ಈ ಯೋಚನೆ ಯಾರದೆಂದು ಕೇಳಿದರು. ಆಡಿಟ್‌ನ ಭಯ ಅಂದೇ ಬಿಟ್ಟುಹೋಯಿತು. ದೇವರಾಜು ನನ್ನ ಮೇಜಿನ ಮುಂದೆ ಕೂತು, ಸೂಚಕರ ಜಾಗದಲ್ಲಿ ಸಣ್ಣ ತಪ್ಪಾಗಿದೆ, ತಿದ್ದಿಬಿಡಿ ಎಂದರು. ನನ್ನದು ಗುತ್ತಿಗೆ ನೌಕರಿ. ಅದನ್ನು ಮುಂದುವರಿಸುವ ಅಧಿಕಾರವೂ ಈಗ ಸಮಿತಿಯದೇ. ದೊಡ್ಡಮ್ಮನ ಹೆಸರಿನ ಮೇಲೆ ವೈಟ್ನರ್ ಬಳಿದು ಅವರ ಹೆಸರು ಬರೆದೆ.

ಚುಚ್ಚುಮದ್ದಿನ ದಿನ ದೊಡ್ಡಮ್ಮ ಮಗುವನ್ನೆತ್ತಿಕೊಂಡು ನನ್ನ ಕೋಣೆಗೆ ಬಂದಳು. "ಬ್ಯಾಟ್ರಿ ಬರ್ದಿದ್ರಲ್ಲ, ಅಲ್ಲಿ ನನ್ನೆಸ್ರು ಎಲ್ಲದೆ ಸಾ? ಮಗೀಗೆ ತೋರುಸ್ಬೇಕು."

ನಾನು ಪುಸ್ತಕ ತೆರೆದು, ದೇವರಾಜು ಎಂದು ಬರೆದಿದ್ದ ಕಡೆ ಬೆರಳಿಟ್ಟು, ಇಲ್ಲಿದೆ ಅಂದೆ. ಅವಳು ಮಗುವಿನ ಕೈ ಹಿಡಿದು ಆ ಅಕ್ಷರಗಳನ್ನು ಮುಟ್ಟಿಸಿದಳು.