ಬಾಣಂತಿ ಕೋಣೆಯ ಎರಡು ಶೇಗಡಿ

ಎಪ್ಪತ್ತರ ದಶಕದ ಒಂದು ಪುಷ್ಯ ಮಾಸ. ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಅಕ್ಕನ ಬಾಣಂತನ. ಅವಳ ಕೋಣೆಯನ್ನು ಬೆಚ್ಚಗಿಡಲು ಯಾವ ಶೇಗಡಿ, ಅಂದರೆ ಅಗ್ಗಿಷ್ಟಿಕೆ, ಎಂಬುದೇ ಜಗಳ. ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಕುಳ್ಳು, ಅಂದರೆ ಬೆರಣಿ, ಉರಿಸುವ ಮಣ್ಣಿನ ಶೇಗಡಿಯೇ ಆಗಬೇಕು. ಅವ್ವನಿಗೆ ಅಪ್ಪ ಸಿಂದಗಿಯಿಂದ ತಂದ ಕಬ್ಬಿಣದ ಶೇಗಡಿ ಬೇಕು, ಅದರ ಇದ್ದಲಿಗೆ ಹೊಗೆಯಿಲ್ಲ.

ಕೇಳಿ ಕೇಳಿ ಬೇಸತ್ತು, ದಿನಕ್ಕೊಂದರಂತೆ ಸರದಿ ಗೊತ್ತುಮಾಡಿ, ದಿನಚರಿಯಲ್ಲಿ ಗೆರೆ ಎಳೆದು ಕೂಸಿನ ಕೆಮ್ಮು, ಅಕ್ಕನ ತಲೆನೋವು ಬರೆಯತೊಡಗಿದೆ. ಎಂಟು ದಿನಗಳಾದವು. ಕುಳ್ಳಿನ ನಾಲ್ಕು ದಿನ ಕೂಸು ಹದಿನೇಳು ಸಲ ಕೆಮ್ಮಿತ್ತು. ಇದ್ದಲಿಯ ನಾಲ್ಕು ದಿನ ಎರಡೇ ಸಲ. ಅವ್ವ ಗೆದ್ದಳು ಎಂದುಕೊಂಡೆ. ಆದರೆ ಅಕ್ಕನ ತಲೆನೋವಿನ ಸಾಲಿನಲ್ಲಿ ಇದ್ದಲಿಯ ನಾಲ್ಕೂ ದಿನ ಗುರುತಿತ್ತು, ಕುಳ್ಳಿನ ದಿನ ಒಂದೂ ಇರಲಿಲ್ಲ. ಕುಳ್ಳಿನ ಹೊಗೆಗೆ ಕಿಟಕಿ ತೆರೆಯಲೇಬೇಕಾಗುತ್ತಿತ್ತು. ಇದ್ದಲಿಯ ದಿನ, ಬಾಣಂತಿಗೆ ಗಾಳಿ ಬಡಿಯಬಾರದೆಂದು, ಆಯಿ ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕುತ್ತಿದ್ದಳು.

“ಆಯಿ, ಕಿಡಕಿ ಮುಚ್ಚಿದ್ದಕ್ಕ ಅಕ್ಕನ ತೆಲಿ ನೋಯಾಕತ್ತೈತಿ. ಇಲ್ಲಿ ಬರದೇನಿ ನೋಡು.”

“ನೀ ಎಷ್ಟ ಹಡದೀ, ನನಗ ಹೇಳಾಕ? ಬಾಣಂತಿ ತೆಲಿನೋವು ಗಾಳೀಲೆ ಬರ್ತೈತಿ. ಎಲ್ಲ್ಯರ ಸಂದಿ ಉಳದಿರಬೇಕು,” ಎಂದು ಆಯಿ ಇನ್ನೊಂದು ಸೀರೆ ತಂದಳು.

“ಹೌದಽ ಮತ್ತ,” ಎಂದಳು ಅವ್ವ. ಎಂಟು ದಿನಗಳಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ ಮಾತು! ನನಗೆ ಪುಸ್ತಕವನ್ನೇ ಶೇಗಡಿಗೆ ಹಾಕುವಷ್ಟು ಸಿಟ್ಟು ಬಂತು.

ಒಂಬತ್ತನೆಯ ದಿನ ಬಾಗಿಲ ಸಂದಿಗೂ ಸೀರೆ. ಇದ್ದಲಿ ಕೆಂಪಗೆ ಉರಿಯುತ್ತಿತ್ತು. ಸಂಜೆ ಕೂಸನ್ನೆತ್ತಿಕೊಳ್ಳಲು ಎದ್ದ ಅಕ್ಕ ಗೋಡೆ ಹಿಡಿದು ಕುಸಿದಳು. ಕೂಸನ್ನು ನಾನು ಎತ್ತಿಕೊಂಡೆ, ಅವ್ವ ಅಕ್ಕನನ್ನು ಪಡಸಾಲೆಗೆ ನಡೆಸಿದಳು, ಆಯಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ಸ್ವಲ್ಪ ಹೊತ್ತಿಗೆ ಅಕ್ಕನ ಮುಖಕ್ಕೆ ಕಳೆ ಬಂತು.

“ಹೊರಗಿನ ಗಾಳಿಗೇ ಆರಾಮ ಆತು. ಕಿಡಕಿ ಮುಚ್ಚಿದ್ರ ನಾ ಒಳಗ ಬರಂಗಿಲ್ಲ,” ಎಂದಳು ಅಕ್ಕ.

“ಗಾಳಿಗಲ್ಲ, ನಾ ದೃಷ್ಟಿ ತಗದಿದ್ದಕ್ಕ,” ಎಂದಳು ಆಯಿ.

ವಾದ ಬಿಟ್ಟೆ; ಹೊಗೆಯಾದರೂ ಕಿಟಕಿ ತೆರೆಸೀತು. “ಆಯಿ, ಲೆಕ್ಕ ಮುಗೀತು. ನಿನ್ನ ಕುಳ್ಳಿನ ಶೇಗಡೀನ ಛಲೋ,” ಎಂದೆ.

“ಇಷ್ಟ ತಿಳಿಯಾಕ ಒಂಬತ್ತು ದಿನ ಬೇಕಾತೇನ, ಶಾಣ್ಯಾ?”

ಆಯಿ ಹಿಗ್ಗಿ ತನ್ನ ಶೇಗಡಿ ಹೊತ್ತಿಸಿದಳು. ಕೋಣೆ ತುಂಬ ಹೊಗೆ. ಗೊಣಗುತ್ತ ತಾನೇ ಸೀರೆಗಳನ್ನೆಲ್ಲ ಕಿತ್ತು ಕಿಟಕಿ ತೆರೆದಳು. ಕೂಸು ಎರಡು ಸಲ ಕೆಮ್ಮಿತು. ಅಕ್ಕ ಒಳಗೆ ಬಂದು ಕಿಟಕಿಯ ಕಡೆ ತಲೆಯಿಟ್ಟು ಮಲಗಿದಳು.