ನಿನ್ನೆಯ ರಂಗೋಲಿ

ದಾಂಡೇಲಿಗೆ ಕೆಲಸಕ್ಕೆ ಹೋದ ಮೊದಲ ವಾರವೇ ನಾನು ಮನೆ ಮಾಲಕಿ ಶಾಂತಕ್ಕನ ರಂಗೋಲಿಯ ಮೇಲೆ ಸ್ಕೂಟರ್ ಹತ್ತಿಸಿದೆ. ಚುಕ್ಕಿಯಿಲ್ಲ, ಬಳ್ಳಿಯಿಲ್ಲ, ಬರೀ ಒಂದು ನೀರಿನ ಲೋಟದ ಚಿತ್ರ.

"ತಪ್ಪಾತ್ರಿ ಅಕ್ಕಾ," ಅಂದೆ.

"ಇರಲಿ ಬಿಡವಾ, ಅದು ನಿನ್ನೆ ದಿನದ್ದು. ನಿನ್ನೆ ಇವರು ತಮ್ಮ ಕೈಲೇನ ಲೋಟ ಹಿಡದ್ರು."

ಪೇಪರ್ ಮಿಲ್ಲಿನಿಂದ ನಿವೃತ್ತರಾಗಿದ್ದ ಅವರ ಯಜಮಾನರಿಗೆ ಲಕ್ವಾ ಹೊಡೆದು ಮಾತು ನಿಂತಿತ್ತು. ಮಲಗುವ ಮುಂಚೆ ಶಾಂತಕ್ಕ ಇಡೀ ದಿನವನ್ನು ನೆನೆದು ಒಂದು ಒಳ್ಳೆಯದನ್ನು ಹುಡುಕುತ್ತಿದ್ದರು. ಬೆಳಿಗ್ಗೆ ಅದು ಅಂಗಳಕ್ಕೆ ಬರುತ್ತಿತ್ತು. ಏನೂ ಸಿಗದ ಒಂದು ದಿನ, "ನೊಣಾ ಓಡಿಸಿದ್ರು" ಎಂದು ನೊಣವನ್ನೇ ಬರೆದಿದ್ದರು.

ಒಂದು ಬೆಳಿಗ್ಗೆ ನೋಡಿದರೆ ಅಂಗಳ ಬರಿದು. ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ.

ಅಷ್ಟರಲ್ಲಿ ಶಾಂತಕ್ಕ ರಂಗೋಲಿ ಡಬ್ಬಿ ಹಿಡಿದು ಹೊರಬಂದರು. ಕಣ್ಣು ಒದ್ದೆ, ಮುಖದ ತುಂಬ ನಗು.

"ನಿನ್ನೆ ಸಂಜೀಕ ಬೈದ್ರವಾ! 'ಚಾ ಎಲ್ಲೈತೇ?' ಅಂತ! ಆಗಿಂದ ನಿಂತ ವಿಚಾರ ಮಾಡಾಕತ್ತೇನಿ. ಈ ಬೈಗಳಾ ಹೆಂಗ ಬರೀಲಿ, ನೀನ ಹೇಳು."

ಕೊನೆಗೆ ಇಬ್ಬರೂ ಕೂತು ಒಂದು ದೊಡ್ಡ ಬಾಯಿ ಬರೆದೆವು.

ಈಗಲೂ ನನ್ನ ಗಂಡ ಚಹಾ ತಡವಾಯಿತೆಂದು ರೇಗಿದರೆ ಆ ಬಾಯಿ ನೆನಪಾಗಿ ಖುಷಿಯಾಗುತ್ತದೆ. ಹಾಗಂತ ಚಹಾ ಬೇಗ ಮಾಡುತ್ತೇನೆಂದಲ್ಲ.